ಬೋರ್ಡ್ ಬಿಡಿ, ರೋಗಿಯ ಬಾಯಿ ನೋಡಿ

ಓದುಗರ ಪ್ರಶ್ನೆಗೆ ನಿವೃತ್ತ ನರ್ಸ್ ಉತ್ತರ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲದ ಹತ್ತಿರ. ಅಮ್ಮನಿಗೆ 72 ವರ್ಷ. ಕೆನ್ನೆಯ ಒಳಗೆ ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿಯಿತು. ಈಗ ಮತ್ತೆ ಬಂದಿದೆ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದಾರೆ. ಹೊರಗಿನಿಂದಲೂ ಹುಣ್ಣು ಒಡೆದಿದೆ, ವಾಸನೆ ಇದೆ. ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ (ದೀರ್ಘ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡಲು ಮನೆಗೆ ಬರುವವರು) ಬಂದು ನೋಡಿ ಹೋಗಿದ್ದಾರೆ. ಆದರೆ ಬೆಂಗಳೂರಿನಲ್ಲಿರುವ ತಂಗಿ, ‘ಅದು ಸರ್ಕಾರದ್ದು, ನಂಬಬೇಡ’ ಎನ್ನುತ್ತಾಳೆ. ಪೇಟೆಯ ಹತ್ತಿರ ಹೊಸದಾಗಿ ಆದ ಒಂದು ಖಾಸಗಿ ಆರೈಕೆ ಕೇಂದ್ರದ ವಿವರ ಕಳಿಸಿದ್ದಾಳೆ. ಎ.ಸಿ. ರೂಮ್, ದೊಡ್ಡ ಬೋರ್ಡ್, ಮೊಬೈಲಿನಲ್ಲಿ ಐದಕ್ಕೆ ಹತ್ತಿರ ಸ್ಟಾರ್. ತಿಂಗಳ ಬಿಲ್ಲೂ ಹಾಗೇ ಇದೆ. ಅಡಿಕೆ ಮಾರಿ ಕೊಡಬಹುದು. ಆದರೆ ಅದು ಒಳ್ಳೆಯದೋ ಅಲ್ಲವೋ ಎಂದು ನಮಗೆ ಹೇಗೆ ಗೊತ್ತಾಗಬೇಕು?
– ಒಬ್ಬ ಓದುಗ, ಎಣ್ಮಕಜೆ

ಉತ್ತರ: ಸ್ಟಾರ್ ವಿಷಯ ಮೊದಲು ಮುಗಿಸಿಬಿಡೋಣ. ಅದನ್ನು ಒತ್ತಿದವರು ಯಾರು? ಉದ್ಘಾಟನೆಗೆ ಬಂದು ಪಾಯಸ ಉಂಡವರು, ಅಲ್ಲಿ ಕೆಲಸ ಮಾಡುವವರ ನೆಂಟರು. ಹಾಸಿಗೆಯಲ್ಲಿ ಮಲಗಿದವರು ಒತ್ತುವುದಿಲ್ಲ. ತಾಯಿಯನ್ನು ಕಳೆದುಕೊಂಡ ಮನೆಯವರು ಬೊಜ್ಜದ (ಉತ್ತರಕ್ರಿಯೆಯ) ಕೆಲಸ ಬಿಟ್ಟು ಮೊಬೈಲ್ ಹಿಡಿದು ಕೂರುವುದೂ ಇಲ್ಲ. ನಿಮಗೆ ಬೇಕಾದದ್ದು ಆ ಮನೆಯವರ ಮಾತು. ಅಲ್ಲಿ ತೀರಿಹೋದವರ ಮನೆ ಯಾವುದಾದರೂ ಇದ್ದರೆ ಹುಡುಕಿಕೊಂಡು ಹೋಗಿ. ‘ಚೆನ್ನಾಗಿ ನೋಡಿಕೊಂಡರಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಕೊನೆಯ ವಾರ ರಾತ್ರಿ ಹೇಗಿತ್ತು?’ ಎಂದು ಕೇಳಿ. ಆಮೇಲೆ ನೀವು ಮಾತಾಡಬೇಡಿ, ಅವರೇ ಹೇಳುತ್ತಾರೆ.

ಇನ್ನು ಕೇಂದ್ರಕ್ಕೆ ಹೋಗಿ ನೋಡುವುದು. ಬೆಳಿಗ್ಗೆ ಹತ್ತಕ್ಕೆ ಬೇಡ, ಆಗ ಎಲ್ಲ ಕಡೆ ನೆಲ ಒರೆಸಿರುತ್ತದೆ. ಕತ್ತಲಾದ ಮೇಲೆ, ಫೋನ್ ಮಾಡದೆ ಹೋಗಿ. ‘ಈಗ ಒಳಗೆ ಬಿಡುವುದಿಲ್ಲ, ಸಂಜೆ ನಾಲ್ಕರಿಂದ ಐದು ಮಾತ್ರ’ ಅಂದರೆ ಅದೂ ಒಂದು ಉತ್ತರವೇ. ಸಾಯುವ ಕಾಲದಲ್ಲಿ ಮಗನಿಗೆ ಒಂದು ಗಂಟೆ ಟೈಮ್ ಕೊಡುವ ಜಾಗದಲ್ಲಿ ಅಮ್ಮನನ್ನು ಯಾಕೆ ಬಿಡಬೇಕು?

ಒಳಗೆ ಹೋದರೆ ಟೈಲ್ಸ್ ನೋಡಬೇಡಿ. ಮಲಗಿರುವವರ ಬಾಯಿ ನೋಡಿ. ತಾನಾಗಿ ಮುಕ್ಕಳಿಸಲು ಆಗದವರ ನಾಲಿಗೆ ಬೇಗ ಒಣಗುತ್ತದೆ, ಬಿಳಿ ಪೊರೆ ಕಟ್ಟುತ್ತದೆ, ತುಟಿ ಒಡೆಯುತ್ತದೆ. ಯಾರಾದರೂ ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ಅಡುಗೆ ಸೋಡಾಪುಡಿ ಹಾಕಿದ ನೀರಿನಲ್ಲಿ ಅದ್ದಿ, ಒಸಡು, ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಮೆಲ್ಲಗೆ ಒರೆಸಿದರೆ ಮಾತ್ರ ಬಾಯಿ ಸ್ವಚ್ಛ ಇರುತ್ತದೆ. ದಿನಕ್ಕೆ ಒಮ್ಮೆ ಸಾಲದು, ಮತ್ತೆ ಮತ್ತೆ ಮಾಡಬೇಕು. ಇದಕ್ಕೆ ಯಂತ್ರ ಇಲ್ಲ, ಬಿಲ್ಲೂ ಬರೆಯಲಾಗುವುದಿಲ್ಲ. ಅದಕ್ಕೇ ನಾನು ಇದನ್ನೇ ನೋಡುವುದು. ಆಮೇಲೆ, ಎಲ್ಲರೂ ಅಂಗಾತ ಮಲಗಿದ್ದಾರಾ, ಇಲ್ಲ ಕೆಲವರು ಬಲಕ್ಕೆ ಕೆಲವರು ಎಡಕ್ಕೆ ತಿರುಗಿದ್ದಾರಾ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕಡೆ ಎಲ್ಲರೂ ಒಂದೇ ಥರ ಮಲಗಿರುವುದಿಲ್ಲ.

ನನ್ನ ಚಿಕ್ಕಮ್ಮನನ್ನು ಸೇರಿಸಿದ್ದ ಒಂದು ಕೇಂದ್ರದ ಹೆಸರು ಬೇಡ. ಅಲ್ಲಿ ಸಾಲಾಗಿ ಎಲ್ಲರೂ ಅಂಗಾತ, ಎಲ್ಲರ ಕೈಗೂ ಡ್ರಿಪ್, ಟಿ.ವಿ.ಯಲ್ಲಿ ಜೋರಾಗಿ ಸೀರಿಯಲ್. ‘ಯಾಕೆ ಎಲ್ಲರಿಗೂ ಡ್ರಿಪ್?’ ಅಂದೆ. ‘ಶಕ್ತಿಗೆ’ ಅಂದರು. ಕೊನೆಯ ದಿನಗಳಲ್ಲಿ ಶರೀರಕ್ಕೆ ಅಷ್ಟು ನೀರು ಬೇಕಾಗುವುದಿಲ್ಲ. ಸುಮ್ನೆ ಏರಿಸಿದರೆ ಕಾಲು ಬಾಯುತ್ತದೆ, ಎದೆಯಲ್ಲಿ ಗೊರಗೊರ ಜಾಸ್ತಿಯಾಗುತ್ತದೆ. ಬಿಲ್ಲು ಮಾತ್ರ ದಪ್ಪ ಆಗುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಒಬ್ಬೊಬ್ಬರನ್ನೇ ನೋಡಿ ಹೇಳುವವರು ಸಿಕ್ಕಿದರೆ ಅವರನ್ನು ನಂಬಿ.

ಈಗ ನೋವಿನ ಮಾತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಇದು. ನೇರವಾಗಿ ಕೇಳಿ: ‘ನಿಮ್ಮಲ್ಲಿ ಮಾರ್ಫಿನ್ ಇದೆಯಾ?’ ಅದು ಜೋರು ನೋವಿಗೆ ಕೊಡುವ, ಅಫೀಮಿನ ಜಾತಿಯ ಮದ್ದು, ಸುಲಭಕ್ಕೆ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸಿನ ರಗಳೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ಮಾನ್ಯತೆ ಪಡೆದ ಸಂಸ್ಥೆ, ತರಬೇತಿ ಇರುವ ಡಾಕ್ಟರ್, ಪ್ರತಿ ಮಾತ್ರೆಗೂ ರಿಜಿಸ್ಟರ್, ಇಷ್ಟಿದ್ದರೆ ಇಡಬಹುದು. ಹಾಗಾಗಿ ಮಾರ್ಫಿನ್ ಇದೆ ಅಂದರೆ ಈ ಕೆಲಸಕ್ಕೆ ಅವರು ಮನಸ್ಸಿಟ್ಟು ತಯಾರಾಗಿದ್ದಾರೆ ಎಂದೇ ಅರ್ಥ. ‘ಅದೆಲ್ಲ ಡೇಂಜರ್, ನಾವು ಇಂಜೆಕ್ಷನ್ ಹಾಕುತ್ತೇವೆ’ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಇದೆ ಅಂದರೆ ಮುಂದಿನ ಪ್ರಶ್ನೆ: ‘ಯಾವಾಗ ಕೊಡುತ್ತೀರಿ?’ ನೋವು ಬಂದಾಗ ಅಂದರೆ ತಪ್ಪು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಗಡಿಯಾರ ನೋಡಿ ಕೊಡುವ ಮದ್ದು, ಸಾಧಾರಣ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ. ನಡುವೆ ನೋವು ಎದ್ದರೆ ಹೆಚ್ಚುವರಿ ಡೋಸ್ ಎಷ್ಟು ಎಂದು ಮೊದಲೇ ಬರೆದಿರಬೇಕು. ಮಲಬದ್ಧತೆಗೆ ಎಂತ ಕೊಡುತ್ತೀರಿ ಎಂದೂ ಕೇಳಿ. ಮಾರ್ಫಿನ್ ಕೊಟ್ಟು ಹೊಟ್ಟೆಗೆ ಮದ್ದು ಬರೆಯದವರಿಗೆ ಕೆಲಸ ಪೂರ್ತಿ ಗೊತ್ತಿಲ್ಲ. ಅಮ್ಮನಿಗೆ ನುಂಗಲು ಆಗದೇ ಹೋದರೆ ಆಗ ಹೇಗೆ, ಅದನ್ನೂ ಇವತ್ತೇ ಕೇಳಿ ಇಟ್ಟುಕೊಳ್ಳಿ. ಮಾರ್ಫಿನ್ ಶುರುವಾದರೆ ಮುಗಿಯಿತು ಎಂದು ನೆಂಟರು ಹೇಳುತ್ತಾರೆ. ಹಾಗೇನೂ ಇಲ್ಲ. ನೋವು ಇಳಿದ ಮೇಲೆ ಎದ್ದು ಕೂತು ವೀಳ್ಯದೆಲೆ ಕೇಳಿದ ಅಜ್ಜಂದಿರನ್ನು ನಾನೇ ಗದರಿದ್ದೇನೆ.

ಹುಣ್ಣಿನ ವಾಸನೆಗೆ ಎಂತ ಮಾಡುತ್ತೀರಿ ಎಂದೂ ಕೇಳಿ. ರೂಮ್ ಫ್ರೆಶ್‌ನರ್ ಅಂದರೆ ಸಾಕು, ತೀರ್ಮಾನ ಆಯಿತು. ಗೊತ್ತಿದ್ದವರು ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಮಾತ್ರೆಯ ಹೆಸರು ಹೇಳುತ್ತಾರೆ. ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಆ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಮೇಲೆ ಉದುರಿಸಿ ಗಾಜ್ ಮುಚ್ಚುತ್ತಾರೆ. ಅಗ್ಗದ ಮಾತ್ರೆ. ಕೆಲವೇ ದಿನದಲ್ಲಿ ಮೊಮ್ಮಕ್ಕಳು ಮತ್ತೆ ಅಜ್ಜಿಯ ಹತ್ತಿರ ಕೂರುತ್ತಾರೆ. ನಿಮ್ಮ ಪಂಚಾಯತಿನ ನರ್ಸಿಗೆ ಇದು ಗೊತ್ತಿರುತ್ತದೆ, ಕೇಳಿ ಕಲಿತುಕೊಳ್ಳಿ. ಇನ್ನೊಂದು ಮಾತು ಹೇಳಬೇಕು, ಹೆದರಬೇಡಿ. ಕೆನ್ನೆಯ ಹುಣ್ಣಿನಿಂದ ಒಮ್ಮೊಮ್ಮೆ ರಕ್ತ ಬರಬಹುದು. ಕಡು ಬಣ್ಣದ ಎರಡು ಹಳೆಯ ಬೈರಾಸು (ಟವೆಲ್) ಮಂಚದ ಹತ್ತಿರ ಇರಲಿ. ಬಿಳಿ ಬಟ್ಟೆಯಲ್ಲಿ ರಕ್ತ ನೋಡಿದರೆ ಅಮ್ಮನೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಬಟ್ಟೆ ಒತ್ತಿ ಹಿಡಿದು ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಇಂಥ ವಿಷಯವನ್ನು ಕೇಳುವ ಮೊದಲೇ ಹೇಳಿಕೊಡುವವರು ಒಳ್ಳೆಯವರು.

ಭಾಷೆ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕಡೆ ಅಮ್ಮಂದಿರು ನೋವು ಹೇಳುವುದು ತುಳುವಿನಲ್ಲೋ ಕನ್ನಡದಲ್ಲೋ. ರಾತ್ರಿ ಪಾಳಿಯಲ್ಲಿ ಅದು ಅರ್ಥವಾಗುವವರು ಇದ್ದಾರಾ? ನಾನು ಅಜ್ಜಿಯರಿಗೆ ಹತ್ತರಲ್ಲಿ ಎಷ್ಟು ಅಂತ ಕೇಳುವುದಿಲ್ಲ. ರೂಪಾಯಿಯಲ್ಲಿ ಎಷ್ಟು ಆಣೆ ನೋವು ಎಂದು ಕೇಳುತ್ತೇನೆ. ‘ಹನ್ನೆರಡಾಣೆ’ ಎಂದು ಥಟ್ಟನೆ ಬರುತ್ತದೆ. ನಿಮ್ಮ ಅಮ್ಮನಿಗೆ ಮಾತಾಡಲು ಕಷ್ಟ ಆದರೆ ಬೆರಳು ತೋರಿಸಲಿ. ಮಲಯಾಳದಲ್ಲಿರುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಇಲ್ಲಿನ ಸರ್ಕಾರಿ ಕಚೇರಿಗಾದರೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಕೇಳುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿತ್ತು.

ತಂಗಿಗೆ ಒಂದು ವಿಷಯ ತಿಳಿಸಿ. ಇಲ್ಲಿ ಪ್ಯಾಲಿಯೇಟಿವ್ ಸರ್ಕಾರದಿಂದ ಹುಟ್ಟಿದ್ದಲ್ಲ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರುಮಾಡಿದ್ದು. ಆಮೇಲೆ ಊರಿನವರೇ ಸೇರಿ ಮನೆ ಮನೆಗೆ ಒಯ್ದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು, ದೇಶದಲ್ಲೇ ಮೊದಲು. ಅದಕ್ಕೇ ನಿಮ್ಮ ಪಂಚಾಯತಿನಲ್ಲೊಬ್ಬ ನರ್ಸ್ ಇರುವುದು. ಹತ್ತಿರದವರಿಗೆ ಬೆಲೆ ಎಷ್ಟು ಎಂದು 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ನಮಗೆ ಗೊತ್ತಾಗಿದೆ ಅಲ್ವಾ? ಮಂಗಳೂರು ಅಲ್ಲೇ ಕಾಣುತ್ತಿತ್ತು, ಹೋಗಲು ಆಗಲಿಲ್ಲ.

ಹಾಗಂತ ಪಂಚಾಯತಿನದ್ದು ಎಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಇಡೀ ಪಂಚಾಯತಿಗೆ ಒಬ್ಬ ನರ್ಸ್. ಗುಡ್ಡದ ಮೇಲೊಂದು ಮನೆ, ತೋಡಿನ ಆಚೆ ಒಂದು ಮನೆ. ರಾತ್ರಿ ಎರಡಕ್ಕೆ ಅವರು ಬರಲಾರರು. ಕಾಯಿಲೆ ಜೋರಾದಾಗ ಅವರು ಬರುವ ದಿನಗಳ ಅಂತರ ಸಾಲುವುದಿಲ್ಲ. ಖಾಸಗಿಯವರಿಗೂ ಇವರಿಗೂ ಒಂದೇ ಪ್ರಶ್ನೆ ಕೇಳಿ: ‘ಮಧ್ಯರಾತ್ರಿ ನೋವು ಎದ್ದರೆ ಯಾರು ಫೋನ್ ಎತ್ತುತ್ತಾರೆ?’ ನಂಬರ್ ಕೊಟ್ಟರೆ ಒಂದು ರಾತ್ರಿ ಮಾಡಿ ನೋಡಿ. ಬೈದರೆ ಬೈಯಲಿ.

ನನ್ನನ್ನು ಕೇಳಿದರೆ, ಅಮ್ಮ ಮನೆಯಲ್ಲೇ ಇರಲಿ. ಪಂಚಾಯತಿನ ನರ್ಸ್, ಆಶಾ ಕಾರ್ಯಕರ್ತೆ, ನಿಮ್ಮ ಆರೋಗ್ಯ ಕೇಂದ್ರದ ಡಾಕ್ಟರ್ ಮೂವರಲ್ಲೂ ಮಾತಾಡಿ, ರಾತ್ರಿಯ ಡೋಸ್ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ನೀರಿನ ಹಾಸಿಗೆ ಬೇಕಾದರೆ ಅಲ್ಲೇ ಕೇಳಿ, ಹಣ ಕೊಟ್ಟು ತರಬೇಡಿ. ಆ ಖಾಸಗಿ ಕೇಂದ್ರ ನಾನು ಹೇಳಿದ ಪ್ರಶ್ನೆಗಳಲ್ಲಿ ಪಾಸಾದರೆ ಅದನ್ನು ಕೈಬಿಡುವುದೂ ಬೇಡ. ನಿಮಗೂ ನಿಮ್ಮ ಹೆಂಡತಿಗೂ ನಿದ್ದೆಯಿಲ್ಲದೆ ಸಾಕಾದಾಗ ನಾಲ್ಕು ದಿನ ಅಮ್ಮನನ್ನು ಅಲ್ಲಿ ಬಿಟ್ಟು ಕರೆದುಕೊಂಡು ಬನ್ನಿ. ಅದರಲ್ಲಿ ನಾಚಿಕೆ ಇಲ್ಲ. ನಿಮ್ಮ ಕಾಗದದಲ್ಲಿ ಹೆಂಡತಿಯ ಮಾತೇ ಇಲ್ಲ. ಹುಣ್ಣು ತೊಳೆಯುವುದು ಅವರೇ ಇರಬೇಕು. ಮನೆಗೆ ಬರುವ ನರ್ಸ್ ಅವರ ಹತ್ತಿರ ‘ನೀವು ಊಟ ಮಾಡಿದ್ರಾ?’ ಎಂದು ಕೇಳುತ್ತಾರಾ ಗಮನಿಸಿ.

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದಾರೆ. ಕ್ಯಾನ್ಸರ್ ಅಲ್ಲ. ಪ್ಯಾಲಿಯೇಟಿವ್‌ನವರು ಬರುತ್ತಾರಾ?
– ಮುಳ್ಳೇರಿಯಾ

ಉತ್ತರ: ಬರುತ್ತಾರೆ. ನಮ್ಮಲ್ಲಿ ಇದು ಬರೀ ಕ್ಯಾನ್ಸರಿಗೆ ಅಲ್ಲ. ಪಾರ್ಶ್ವವಾಯು, ಮರೆವಿನ ಕಾಯಿಲೆ, ಕಿಡ್ನಿ ಹೋದವರು, ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದವರು ಎಲ್ಲರೂ ಸೇರುತ್ತಾರೆ. ವಾರ್ಡ್ ಮೆಂಬರಿಗೋ ಆಶಾ ಕಾರ್ಯಕರ್ತೆಗೋ ಹೇಳಿ ಹೆಸರು ಬರೆಸಿ. ಮೂತ್ರದ ಟ್ಯೂಬ್ ಹಾಕಿದ್ದರೆ ಹಾಕಿದ ತಾರೀಕು ಗುರುತಿಡಿ, ಅವರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಮಾವನಿಗೆ ಕ್ಯಾನ್ಸರ್ ಎಂದು ಅವರಿಗೆ ಹೇಳಿಲ್ಲ. ಪ್ಯಾಲಿಯೇಟಿವ್ ಗಾಡಿ ಮನೆ ಮುಂದೆ ನಿಂತರೆ ಅವರಿಗೂ ಗೊತ್ತಾಗುತ್ತದೆ, ಊರಿಗೂ ಗೊತ್ತಾಗುತ್ತದೆ. ಎಂತ ಮಾಡುವುದು?
– ಬದಿಯಡ್ಕ

ಉತ್ತರ: ಮಾವನಿಗೆ ಗೊತ್ತಿಲ್ಲ ಎಂದು ನಿಮಗೆ ಯಾರು ಹೇಳಿದರು? ಮಂಗಳೂರಿನಲ್ಲಿ ರೇಡಿಯೇಷನ್ ವಿಭಾಗದ ಬೆಂಚಿನಲ್ಲಿ ಕೂತು ಬಂದವರಿಗೆ ಬಹಳಷ್ಟು ಗೊತ್ತಿರುತ್ತದೆ. ಒಳ್ಳೆಯ ನರ್ಸ್ ತಾವಾಗಿ ಹೇಳುವುದಿಲ್ಲ, ಅವರು ಕೇಳಿದರೆ ಸುಳ್ಳೂ ಹೇಳುವುದಿಲ್ಲ. ‘ನಿಮಗೆ ಎಂತ ಅನಿಸುತ್ತದೆ?’ ಎಂದು ಅವರಿಂದಲೇ ಮಾತು ತೆಗೆಸುತ್ತಾರೆ. ಅದಕ್ಕೆ ಅಡ್ಡ ಬರಬೇಡಿ. ಊರಿನವರ ವಿಷಯಕ್ಕೆ ಉಪಾಯ ಸುಲಭ. ಗಾಡಿ ಬಸ್ ಸ್ಟಾಪಿನಲ್ಲೇ ನಿಲ್ಲಿಸಿ ನಡೆದು ಬನ್ನಿ ಎಂದು ಫೋನಿನಲ್ಲಿ ಹೇಳಿದರೆ ಬರುತ್ತಾರೆ. ನಾವು ಎಷ್ಟೋ ಮನೆಗೆ ಹಾಗೆ ಹೋಗಿದ್ದೇವೆ, ಬ್ಯಾಗಿನ ಮೇಲಿನ ಅಕ್ಷರ ಒಳಗೆ ತಿರುಗಿಸಿ ಹಿಡಿದುಕೊಂಡು. ಗೇಟಿನ ಹತ್ತಿರ ನಾಯಿ ಇದ್ದರೆ ಮಾತ್ರ ಕಟ್ಟಿಹಾಕಿ.