ಶಿಕ್ಷಕರ ಪಾಲಕ ಸಂತ, ಅಂದ್ರೆ ಶಿಕ್ಷಕರನ್ನು ಕಾಯುವವರು ಅಂತ ಕ್ಯಾಥೊಲಿಕರು ನಂಬುವ ಸಂತ, ಲಾ ಸಾಲ್ ಯಾರು? ಬರೀ ಶಾಲೆ ತೆರೆದಿದ್ದಕ್ಕೆ ಸಂತ ಪದವಿ ಸಿಕ್ತಾ?

ಬರೀ ಶಾಲೆ ತೆರೆದಿದ್ದಕ್ಕಂತೂ ಅಲ್ಲ. ಬಡವರ ಮಕ್ಕಳಿಗೆ ಪುಕ್ಕಟೆ ಶಾಲೆ ತೆರೆದವರು ಆಗಿನ ಫ್ರಾನ್ಸಿನಲ್ಲಿ ಬೇರೆಯವರೂ ಇದ್ದರು. ನನಗೆ ಲಾ ಸಾಲ್ ಇಷ್ಟವಾಗೋದು, ತನ್ನ ಕೈಕೆಳಗಿನ ಮೇಷ್ಟ್ರುಗಳು ಮುಖಕ್ಕೆ ಹೊಡೆದ ಹಾಗೆ ಆಡಿದ ಒಂದು ಮಾತನ್ನು ಅವರು ತೆಗೆದುಕೊಂಡ ರೀತಿಗೆ.

ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಹುಟ್ಟಿದ್ದು 1651ರಲ್ಲಿ, ರೀಮ್ಸ್ ಪಟ್ಟಣದ ಅನುಕೂಲಸ್ಥ ಮನೆಯಲ್ಲಿ. 15ನೇ ವಯಸ್ಸಿಗೇ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಕ್ಯಾನನ್ ಅನ್ನೋ ಚರ್ಚ್ ಹುದ್ದೆ, ಅಂದ್ರೆ ಕೂತಲ್ಲಿಗೇ ವರಮಾನ. 1678ರಲ್ಲಿ ಪಾದ್ರಿಯಾದರು. ಮರುವರ್ಷ ಆದ್ರಿಯಾನ್ ನಿಯೆಲ್ ಅನ್ನುವವರು ಬಡ ಹುಡುಗರಿಗೆ ಶಾಲೆ ಮಾಡಬೇಕು ಅಂತ ಊರಿಗೆ ಬಂದರು. ಲಾ ಸಾಲ್ ಸುಮ್ನೆ ಒಂದು ಕೈ ಸಹಾಯ ಮಾಡೋಣ ಅಂತ ಹೋದವರು, ಅಷ್ಟೇ. ಆ ಮೇಷ್ಟ್ರುಗಳಿಗೋ ಸರಿಯಾದ ತರಬೇತಿಯೂ ಇಲ್ಲ, ನಡವಳಿಕೆಯೂ ಒರಟು. ಅವರನ್ನು ನನ್ನ ಮನೆಯ ಆಳಿಗಿಂತ ಕೆಳಗೆ ಎಣಿಸಿದ್ದೆ ಅಂತ ಮುಂದೆ ತಾವೇ ಬರೆದಿದ್ದಾರೆ. ಆದರೂ ಮೊದಲು ಊಟಕ್ಕೆ ಕರೆದರು, 1681ರಲ್ಲಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ನೆಂಟರೆಲ್ಲ ಕೆಂಡವಾದರು.

ನಾಳೆ ನಮ್ಮ ಗತಿ ಏನು ಅಂತ ಮೇಷ್ಟ್ರುಗಳು ಚಿಂತೆ ಮಾಡಿದಾಗ, ದೇವರ ಮೇಲೆ ಭಾರ ಹಾಕಿ ಅಂತ ಇವರು ಉಪದೇಶ ಮಾಡಿದರು. ನಿಮಗೇನು, ಆಸ್ತಿ ಇದೆ, ಹುದ್ದೆ ಇದೆ, ಶಾಲೆ ಮುಚ್ಚಿದರೆ ಬೀದಿಗೆ ಬೀಳೋರು ನಾವು ಅನ್ನೋ ಅರ್ಥದ ಉತ್ತರ ಬಂತು. ನ್ಯಾಯವಾದ ಮಾತೇ ಅಲ್ವಾ? 1683ರಲ್ಲಿ ಲಾ ಸಾಲ್ ಕ್ಯಾನನ್ ಹುದ್ದೆ ಬಿಟ್ಟರು, ಅದೂ ತಮ್ಮನಿಗೆ ಕೊಡದೆ ಒಬ್ಬ ಬಡ ಪಾದ್ರಿಗೆ ಕೊಟ್ಟರು. ಅದರ ಬೆನ್ನಿಗೇ ಬರಗಾಲ ಬಂತು, ತಮ್ಮ ಪಾಲಿನ ಹಣವನ್ನೆಲ್ಲ ಹಸಿದವರಿಗೆ ರೊಟ್ಟಿ ಹಂಚಿ ಮುಗಿಸಿದರು. ಆ ಹಣವನ್ನು ಶಾಲೆಗೇ ಹಾಕಬಹುದಿತ್ತಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ, ಆದರೆ ಹಾಗೆ ಮಾಡಿದ್ದರೆ ಅವರು ಮತ್ತೆ ಯಜಮಾನರೇ ಆಗಿ ಉಳಿಯುತ್ತಿದ್ದರು.

ಅವರ ತರಗತಿಗಳಲ್ಲಿ ಓದು ಕಲಿಸುತ್ತಿದ್ದದ್ದು ಲ್ಯಾಟಿನ್‌ನಲ್ಲಿ ಅಲ್ಲ, ಮೊದಲು ಫ್ರೆಂಚ್‌ನಲ್ಲಿ. ಒಬ್ಬೊಬ್ಬರನ್ನೇ ಕರೆಯುವ ಬದಲು ಗುಂಪಿಗೆ ಒಟ್ಟಿಗೆ ಪಾಠ. ಮೇಷ್ಟ್ರು ಕಿರುಚೋ ಹಾಗಿಲ್ಲ, ಕೈಯಲ್ಲಿ ಟಕ್ ಅನ್ನೋ ಒಂದು ಸಣ್ಣ ಸಾಧನ, ಅದರ ಸದ್ದಿನಲ್ಲೇ ಓದು, ನಿಲ್ಲಿಸು, ತಪ್ಪಾಯ್ತು, ಎಲ್ಲ ಸನ್ನೆ. ಪ್ಯಾರಿಸ್ಸಿನಲ್ಲಿ ಬರವಣಿಗೆ ಕಲಿಸಿ ಫೀಸು ತಗೊಳ್ಳುತ್ತಿದ್ದವರಿಗೆ ಹೊಟ್ಟೆಗೆ ಪೆಟ್ಟು ಬಿತ್ತು, ಕೋರ್ಟಿಗೆ ಎಳೆದರು.

ಜಗಳ, ಕೇಸುಗಳಿಂದ ಸಾಕಾಗಿ 1712ರ ಹೊತ್ತಿಗೆ ದಕ್ಷಿಣ ಫ್ರಾನ್ಸಿಗೆ ಹೋಗಿಬಿಟ್ಟರು. 1714ರಲ್ಲಿ ಪ್ಯಾರಿಸ್ಸಿನ ಬ್ರದರ್‌ಗಳು, ಅಂದ್ರೆ ಲಾ ಸಾಲ್ ಕಟ್ಟಿದ ಮೇಷ್ಟ್ರುಗಳ ಸಂಘದವರು, ನೀವು ಸಂಘಕ್ಕೆ ವಿಧೇಯನಾಗಿರುತ್ತೇನೆ ಅಂತ ವ್ರತ ತೊಟ್ಟವರು, ತಕ್ಷಣ ಬನ್ನಿ ಅಂತ ಆಜ್ಞೆ ಮಾಡಿ ಕಾಗದ ಬರೆದರು. ಸ್ಥಾಪಕರಿಗೇ ಆಜ್ಞೆ! ಬಂದರು. 1719ರ ಗುಡ್ ಫ್ರೈಡೇ ದಿನ ರೂಆನ್‌ನಲ್ಲಿ ತೀರಿಕೊಂಡರು. ಸಂತ ಪದವಿ ಬಂದದ್ದು 1900ರಲ್ಲಿ, ಶಿಕ್ಷಕರ ಪಾಲಕ ಅಂತ ಪೋಪ್ ಘೋಷಿಸಿದ್ದು 1950ರಲ್ಲಿ.