ಸಾಯುವಾಗಿನ ಸಂಕಟ ರಕ್ತದಲ್ಲಿ ಗೊತ್ತಾಗುತ್ತದಾ?

ಪ್ರಶ್ನೆ: ನಮ್ಮ ಸೋದರಮಾವ ಈ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದು ತೀರಿಕೊಂಡರು. ಶಿವಮೊಗ್ಗದಲ್ಲಿ ಪೋಸ್ಟ್‌ಮಾರ್ಟಂ ಆಯಿತು. ಎಷ್ಟು ಸಂಕಟಪಟ್ಟರು ಅಂತ ರಕ್ತದ ಹಾರ್ಮೋನ್ ನೋಡಿ ಹೇಳಬಹುದಂತೆ, ಹೌದಾ? ನಮ್ಮ ಮನೆಯವರಿಗೆ ಗಾಬರಿ ಜಾಸ್ತಿ. ಅದು ವಂಶದಿಂದ ಬರುತ್ತದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಲ್ಲ, ಹಾಗೆ ಹೇಳಲು ಬರುವುದಿಲ್ಲ. ನಿಮಗೆ ಯಾರು ಹೇಳಿದ್ದರೂ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಗಾಬರಿಯಾದಾಗ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯಿಂದ ಎರಡು ಮುಖ್ಯ ಹಾರ್ಮೋನ್ ಬರುತ್ತವೆ. ಅಡ್ರಿನಲಿನ್ ಕ್ಷಣದಲ್ಲಿ ಏರುತ್ತದೆ. ಕಾರ್ಟಿಸಾಲ್ ರಕ್ತದಲ್ಲಿ ಚೆನ್ನಾಗಿ ಏರಲು ಹಲವು ನಿಮಿಷ ಬೇಕು, ಹಾಗಾಗಿ ಬಿದ್ದ ಕೂಡಲೇ ಜೀವ ಹೋದವರಲ್ಲಿ ಅದು ಏರಿರುವುದೇ ಇಲ್ಲ. ಇನ್ನು ಅಡ್ರಿನಲಿನ್ ನಂಬುವುದಂತೂ ಕಷ್ಟ. ಉಳಿಸಿಕೊಳ್ಳಲು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಕೂಡ ಅಡ್ರಿನಲಿನ್ನೇ ಅಲ್ವಾ? ಕಾರ್ಟಿಸಾಲ್ ಸತ್ತ ಮೇಲೂ ಅಡ್ರಿನಲಿನ್‌ನಷ್ಟು ಬೇಗ ಕೆಡುವುದಿಲ್ಲ, ಆದರೆ ಎಲ್ಲರಲ್ಲೂ ಬೆಳಿಗ್ಗೆ ಜಾಸ್ತಿ, ರಾತ್ರಿ ಕಡಿಮೆ. ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡವರಲ್ಲಿ ಲೆಕ್ಕವೇ ಬೇರೆ.

ವಂಶದ ಮಾತು ಅರ್ಧ ನಿಜ. ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಒಡೆಯುವ ಒಂದು ಕಿಣ್ವವಿದೆ, ಅದರ ಜೀನ್ ಹೆಸರು ಸಿಒಎಂಟಿ. ಆ ಕಿಣ್ವದ 158ನೇ ಜಾಗದಲ್ಲಿ ಕೆಲವರಿಗೆ ವ್ಯಾಲೀನ್ ಇರುತ್ತದೆ, ಕೆಲವರಿಗೆ ಮೆಥಿಯೋನೀನ್ (ಎರಡೂ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳು). ಮೆಥಿಯೋನೀನ್ ಇದ್ದರೆ ಕಿಣ್ವದ ಚುರುಕು ಮೂರು ನಾಲ್ಕು ಪಟ್ಟು ಕಡಿಮೆ. ಎಫ್‌ಕೆಬಿಪಿ5 ಅನ್ನುವ ಇನ್ನೊಂದು ಜೀನ್ ಕಾರ್ಟಿಸಾಲ್‌ಗೆ ದೇಹ ಎಷ್ಟು ಸ್ಪಂದಿಸಬೇಕು ಅನ್ನುವುದನ್ನು ತಿದ್ದುತ್ತದೆ, ಅದರ ಕೆಲವು ರೂಪ ಇರುವವರಲ್ಲಿ ಗಾಬರಿ ಮುಗಿದ ಮೇಲೂ ಕಾರ್ಟಿಸಾಲ್ ನಿಧಾನವಾಗಿ ಇಳಿಯುತ್ತದೆ. ಅಂದರೆ ಒಂದೇ ಮರದಿಂದ ಒಂದೇ ಥರ ಬಿದ್ದ ಇಬ್ಬರ ರಕ್ತದಲ್ಲಿ ಅಂಕಿ ಬೇರೆ ಬೇರೆ ಬರಬಹುದು, ಅದಕ್ಕೂ ಅವರು ಪಟ್ಟ ನೋವಿಗೂ ಸಂಬಂಧ ಇರಬೇಕೆಂದೇನಿಲ್ಲ. ಮನೆಮಂದಿಯ ಗಾಬರಿಗೆ ಜೀನ್ ಒಂದೇ ಕಾರಣವೂ ಅಲ್ಲ, ಬೆಳೆದ ರೀತಿಯೂ ಅದರಲ್ಲಿ ಸೇರಿರುತ್ತದೆ.

ಹಾಗಂತ ಈ ಹಾರ್ಮೋನ್ ಪೂರ್ತಿ ನಿರುಪಯೋಗಿ ಅಲ್ಲ. ಚಳಿಗೆ ಸಿಕ್ಕಿ ಸತ್ತವರ ಮೂತ್ರದಲ್ಲಿ ಅಡ್ರಿನಲಿನ್ ಜಾಸ್ತಿ ಇರುತ್ತದೆ. ಆದರೂ ವೈದ್ಯರು ಅದೊಂದನ್ನೇ ನಂಬದೆ, ಜಠರದ ಒಳಗೋಡೆಯಲ್ಲಿ ವಿಷ್ನೆವ್ಸ್ಕಿ ಚುಕ್ಕೆ ಅನ್ನುವ ಸಣ್ಣ ಕಪ್ಪು ಕಲೆಗಳಿವೆಯಾ ಅಂತಲೂ ಹುಡುಕುತ್ತಾರೆ.

ನಿಮ್ಮ ಮಾವನಂಥ ಕೇಸಲ್ಲಿ ಮಾಮೂಲಿಯಾಗಿ ಈ ಹಾರ್ಮೋನ್ ಪರೀಕ್ಷೆ ಮಾಡುವುದೂ ಇಲ್ಲ. ನಿಮಗೆ ಬೇಕಾದ ಉತ್ತರ ಗಾಯಗಳ ವಿವರದಲ್ಲಿದೆ. ಕೇಸ್ ದಾಖಲಾದ ಸ್ಟೇಷನ್‌ನಲ್ಲಿ ಪೋಸ್ಟ್‌ಮಾರ್ಟಂ ವರದಿಯ ಪ್ರತಿ ಕೇಳಿ. ತಲೆಗೋ ಕತ್ತಿನ ಮೂಳೆಗೋ ಜೋರು ಪೆಟ್ಟಾಗಿದೆಯಾ ನೋಡಿ. ತಲೆಗೆ ಹಾಗೆ ಪೆಟ್ಟು ಬಿದ್ದಾಗ ಎಷ್ಟೋ ಸಲ ಆ ಕ್ಷಣವೇ ಪ್ರಜ್ಞೆ ಹೋಗಿಬಿಡುತ್ತದೆ, ಆಮೇಲೆ ನೋವು ಗೊತ್ತಾಗುವುದಿಲ್ಲ. ವರದಿ ಹಿಡಿದು ಅದನ್ನು ಬರೆದ ವೈದ್ಯರ ಹತ್ತಿರವೇ ಹೋಗಿ, "ಪ್ರಜ್ಞೆ ಎಷ್ಟು ಹೊತ್ತು ಇದ್ದಿರಬಹುದು?" ಅಂತ ಕೇಳಿ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.