ಹಳೆಯ ಪದ್ಮಿನಿಯ ಬಾಡಿ ಜೋಡಣೆಗಳಿಗೆ ಸೀಸ ತುಂಬಿಸಬೇಕೇ, ಪಾಲಿಯೆಸ್ಟರ್ ಪುಟ್ಟಿ ಸಾಕೇ?

ಮಂಗಳೂರಿನ ನಮ್ಮ ಮನೆಯಂಗಳದಲ್ಲಿ ತಂದೆಯವರ 1980ರ ದಶಕದ ಪ್ರೀಮಿಯರ್ ಪದ್ಮಿನಿಯನ್ನು ಬಿಚ್ಚಿಟ್ಟಾಗ ನಾನೂ ಇದನ್ನೇ ಕೇಳುತ್ತಾ ಅಲೆದಿದ್ದೆ. ಹಿಂಬದಿಯ ಕ್ವಾರ್ಟರ್ ಪ್ಯಾನಲ್ (ಹಿಂಚಕ್ರದ ಸುತ್ತಲಿನ ಬದಿಯ ತಗಡು) ಕೆಳಗಿಳಿದು ಸಿಲ್‌ಗೆ (ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗೆ) ಸೇರುವ ಜಾಗ ನಿಮ್ಮ ಕಾರಿನಂತೆಯೇ ನಮ್ಮದರಲ್ಲೂ ತುಕ್ಕು ಹಿಡಿದಿತ್ತು. ಬಣ್ಣ ಕೆರೆದಾಗ ಒಳಗಿದ್ದ ಹಳೆಯ ಪುಟ್ಟಿ ಬೆರಳು ಗಾತ್ರದ ಚಕ್ಕೆಗಳಾಗಿ ಕಳಚಿ ಬಂತು. ಅದರ ಹಿಂದೆ ತಗಡೇ ಉಳಿದಿರಲಿಲ್ಲ. ಅದನ್ನು ಕಂಡ ಮೇಲೆ ಪುಟ್ಟಿಯೆಂಬುದೇ ಮೋಸ, ಹಿಂದಿನ ಕಾಲದವರು ಬಳಸುತ್ತಿದ್ದ ಸೀಸವೇ ಸರಿಯಾದ ದಾರಿ ಎಂದು ತೀರ್ಮಾನಿಸಿಬಿಟ್ಟೆ. ನಿಮ್ಮ ಪ್ರಶ್ನೆಯ ಹಿಂದೆಯೂ ಅದೇ ನಂಬಿಕೆ ಇರುವಂತೆ ಕಾಣುತ್ತದೆ.

ಸೀಸದ ಆಕರ್ಷಣೆ ಸುಳ್ಳಲ್ಲ. ಇಲ್ಲಿ ಸೀಸವೆನ್ನುವುದು ನೂರಕ್ಕೆ 30 ಪಾಲು ತವರ, 70 ಪಾಲು ಸೀಸ ಇರುವ ಮಿಶ್ರಲೋಹವನ್ನು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗತೊಡಗಿದರೂ ಪೂರ್ತಿ ನೀರಾಗುವುದು ಸುಮಾರು 255 ಡಿಗ್ರಿಯಲ್ಲಿ. ಈ ಎರಡರ ನಡುವೆ ಅದು ಬೆಣ್ಣೆಯಂತೆ ಇರುವುದರಿಂದ, ಜೇನುಮೇಣ ಸವರಿದ ಮರದ ಹಲಗೆಯಿಂದ ಅದನ್ನು ನಿಂತ ತಗಡಿನ ಮೇಲೆಯೂ ಒತ್ತಿ ಹರಡಬಹುದು. ಅದು ಲೋಹಕ್ಕೆ ಲೋಹವಾಗಿ ಕಚ್ಚಿಕೊಳ್ಳುತ್ತದೆ, ನೀರು ಹೀರುವುದಿಲ್ಲ, ಅಂಚಿನಲ್ಲಿ ಚಕ್ಕೆ ಏಳುವುದಿಲ್ಲ. ಕಾರ್ಖಾನೆಗಳೇ ಒಂದು ಕಾಲದಲ್ಲಿ ಎದ್ದು ಕಾಣುವ ಜೋಡಣೆಗಳನ್ನು ಹೀಗೆ ಮುಚ್ಚುತ್ತಿದ್ದವು.

ನಾನು ಎಡವಿದ್ದು ಸೀಸವನ್ನು ಆರಿಸಿಕೊಂಡದ್ದರಲ್ಲಿ ಅಲ್ಲ, ಅದನ್ನು ಎಂಥ ಜೋಡಣೆಯ ಮೇಲೆ ಹಾಕಿದೆ ಎಂಬುದರಲ್ಲಿ. ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೊಂದೇ ಕಾರಣಕ್ಕೆ ನಾನು ಆ ಭಾಗದ ತಗಡಿನ ಕೆಲಸಕ್ಕೂ ಬಣ್ಣಕ್ಕೂ ಎರಡು ಬಾರಿ ಹಣ ತೆತ್ತಿದ್ದೇನೆ. ಟಿಂಕರ್ ಹೊಸ ತಗಡನ್ನು ಹಳೆಯದರ ಮೇಲೆ ಒಂದು ಅಂಗುಲದಷ್ಟು ಹೊದಿಸಿ, ಅಲ್ಲಲ್ಲಿ ಬೆಸುಗೆಯ ಚುಕ್ಕೆ ಹಾಕಿದ್ದರು. ನಾನು ಆ ಅಂಚಿನುದ್ದಕ್ಕೂ ಕಲಾಯಿ ಪೇಸ್ಟ್ ಹಚ್ಚಿ, ಬೆಂಕಿ ತೋರಿಸಿ, ಮೇಲೆ ಸೀಸ ತುಂಬಿದೆ. ಆ ಪೇಸ್ಟ್‌ನಲ್ಲಿ ತವರ, ಸೀಸದ ಪುಡಿಯ ಜೊತೆಗೆ ಸತುವಿನ ಕ್ಲೋರೈಡ್‌ನಂಥ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯುವಂತೆ ತಗಡನ್ನು ಶುಚಿಗೊಳಿಸುವ ರಾಸಾಯನಿಕ, ಇರುತ್ತದೆ. ಬಿಸಿಯಾದಾಗ ಅದು ದ್ರವವಾಗಿ, ಹೊದಿಸಿದ ಎರಡು ತಗಡುಗಳ ನಡುವಿನ ಕೂದಲೆಳೆಯಷ್ಟು ಸಂದಿಗೆ ತಾನಾಗಿ ಏರಿಕೊಳ್ಳುತ್ತದೆ. ಹೊರಗೆ ಉಳಿದದ್ದನ್ನು ನಾನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಚೆನ್ನಾಗಿಯೇ ತೊಳೆದಿದ್ದೆ. ಆದರೆ ಸೋಡಾ ನೀರು ಆ ಸಂದಿಯೊಳಗೆ ಹೋಗುವಂತಿರಲಿಲ್ಲ. ಅದರ ಬಾಯಿಯನ್ನು ನನ್ನ ಕೈಯಾರೆ ಸೀಸದಿಂದ ಮುಚ್ಚಿಯಾಗಿತ್ತು. ಸತುವಿನ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಕರಗಿ ಆಮ್ಲೀಯವಾಗುವ ಲವಣ, ಮಂಗಳೂರಿನದು ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಮಳೆಗಾಲ ಮುಗಿಯುವ ಹೊತ್ತಿಗೆ ಸೀಸದ ಅಂಚಿನುದ್ದಕ್ಕೂ ಬಣ್ಣ ಸಣ್ಣ ಸಣ್ಣ ಗುಳ್ಳೆಗಳಾಗಿ ಎದ್ದಿತ್ತು. ಕತ್ತರಿಸಿ ನೋಡಿದರೆ ಸೀಸ ಹೊಸದರಂತೆಯೇ ಇತ್ತು, ಅದರ ಹಿಂದಿನ ಎರಡು ತಗಡುಗಳು ಮಾತ್ರ ಒಳಗಿನಿಂದ ಕಂದು ಪುಡಿಯಾಗಿದ್ದವು.

ಎರಡನೆಯ ಬಾರಿ ತಗಡನ್ನು ತಗಡಿನ ಮೇಲೆ ಹೊದಿಸದೆ, ಅಂಚಿಗೆ ಅಂಚು ತಾಗಿಸಿ, ತಂತಿಯನ್ನು ಕರಗಿಸಿ ಹಾಕುವ ಮಿಗ್ ಬೆಸುಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿಸುತ್ತಾ ಇಡೀ ಉದ್ದವನ್ನು ಮುಚ್ಚಿಸಿದೆ. ಬೆಸುಗೆಯನ್ನು ಸಮವಾಗಿ ಉಜ್ಜಿಸಿ, ಎರಡೂ ಬದಿಗೆ ತೇವ ತಡೆಯುವ ಮೊದಲ ಲೇಪವಾದ ಎಪಾಕ್ಸಿ ಪ್ರೈಮರ್ ಹೊಡೆಸಿದ ಮೇಲೆ ತುಂಬಬೇಕಾದ ತಗ್ಗು ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಅಲ್ಲಿಗೆ ಹಾಕಿದ್ದು ನಾನು ಬೈದುಕೊಂಡಿದ್ದ ಅದೇ ಪಾಲಿಯೆಸ್ಟರ್ ಪುಟ್ಟಿ. ಅದು ಇಂದಿಗೂ ಗಟ್ಟಿಯಾಗಿದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏನು ತುಂಬಬೇಕು ಎಂಬುದಕ್ಕಿಂತ ಮೊದಲು, ಆ ಜೋಡಣೆ ಪೂರ್ತಿ ಮುಚ್ಚಿದೆಯೇ, ಗಾಡಿ ಓಡುವಾಗ ಅದು ಅಲುಗುತ್ತದೆಯೇ, ಅದರ ಹಿಂಬದಿಗೆ ನೀರು ಬರುತ್ತದೆಯೇ ಎಂದು ನೋಡಬೇಕು. ಹಿಂದಿನಿಂದ ತೆರೆದಿರುವ ಜೋಡಣೆಯನ್ನು ಮುಂದಿನಿಂದ ಯಾವ ವಸ್ತುವನ್ನು ತುಂಬಿಯೂ ಉಳಿಸಲಾಗದು. ಪೂರ್ತಿ ಬೆಸುಗೆಯಾಗಿ ಅಲುಗದೆ ಕುಳಿತ ಜೋಡಣೆಗೆ ಸೀಸವೂ ಆದೀತು, ತೆಳುವಾದ ಪುಟ್ಟಿಯೂ ಆದೀತು. ಮನೆಯಲ್ಲಿ ಕೆಲಸ ಮಾಡುವವರಿಗೆ ನನ್ನ ಆಯ್ಕೆ ಪುಟ್ಟಿ. ಅದು ಮೂರು ಮಿಲಿಮೀಟರಿಗಿಂತ ದಪ್ಪವಾಗಿ ಬೇಕಾಗುತ್ತಿದ್ದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ ಎಂದೇ ತಿಳಿಯಿರಿ. ಪುಟ್ಟಿಯನ್ನು ಗಟ್ಟಿಗೊಳಿಸುವ ಹಾರ್ಡನರ್ ಅನ್ನು ಬಣ್ಣ ನೋಡಿ ಅಂದಾಜಿನಲ್ಲಿ ಕಲಸುವುದು ನಮ್ಮ ಗ್ಯಾರೇಜುಗಳ ರೂಢಿ. ಡಬ್ಬಿಯ ಮೇಲೆ ಹೇಳಿದಷ್ಟನ್ನೇ, ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ ಎರಡರಷ್ಟನ್ನು, ತೂಗಿ ಹಾಕಿಸಿ. ಹಾರ್ಡನರ್‌ನಲ್ಲಿರುವ ಪೆರಾಕ್ಸೈಡ್ ಹೆಚ್ಚಾದರೆ ಅದು ಮುಂದೆ ಬಣ್ಣದ ಮೇಲೆ ಕಲೆಯಾಗಿ ಹೊಮ್ಮುತ್ತದೆ. ಪುಟ್ಟಿಯಲ್ಲಿ ಟಾಲ್ಕ್ ಎಂಬ ಖನಿಜದ ಪುಡಿ ಇರುವುದರಿಂದ ಅದು ತೇವ ಹೀರುತ್ತದೆ. ಪುಟ್ಟಿಯ ಮೇಲೆ ಪ್ರೈಮರ್ ಹೊಡೆಯುವ ಮೊದಲು ಅದನ್ನು ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಲು ಯಾರಿಗೂ ಬಿಡಬೇಡಿ.

ಉಳಿದ ಜೋಡಣೆಗಳಲ್ಲಿ ಹೆಚ್ಚಿನವಕ್ಕೆ ಸೀಸವೂ ಬೇಡ, ಪುಟ್ಟಿಯೂ ಬೇಡ. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ರಸ್ತೆಯ ಪ್ರತಿ ಗುಂಡಿಗೂ, ನೆಲದ ತಗಡು, ಡಿಕ್ಕಿಯ ಅಂಚು, ಚಕ್ರದ ಮೇಲಿನ ಕಮಾನು ಸೇರುವ ಸ್ಪಾಟ್ ವೆಲ್ಡಿಂಗ್ ಜೋಡಣೆಗಳು ಕಣ್ಣಿಗೆ ಕಾಣದಷ್ಟು ಅಲುಗುತ್ತವೆ. ಅಲ್ಲಿ ಗಟ್ಟಿ ಪುಟ್ಟಿಯಾಗಲಿ ಕೈಯಲ್ಲಿ ನಾದುವ ಎಪಾಕ್ಸಿಯಾಗಲಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ನಿಲ್ಲುತ್ತದೆ. ಎಪಾಕ್ಸಿ ಪ್ರೈಮರ್ ಒಣಗಿದ ಮೇಲೆ, ಬಣ್ಣಕ್ಕೆ ಮುಂಚೆ, ಆರಿದ ಮೇಲೂ ರಬ್ಬರಿನಂತೆ ಬಾಗುವ ಪಾಲಿಯುರೆಥೇನ್ ಸೀಲೆಂಟ್ ಅನ್ನು ಬ್ರಷ್‌ನಿಂದ ಒತ್ತಿ ಹಚ್ಚಿಸಿ. ರೂಫಿನ ನೀರು ಹರಿಯುವ ಕಾಲುವೆಗೂ ಇದೇ. ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಅನ್ನು ಕಾರಿನ ಹತ್ತಿರಕ್ಕೂ ತರಬೇಡಿ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ವಿನೆಗರ್ ವಾಸನೆಯ ಬಗೆಯದು ಆರುವಾಗ ಬಿಡುವ ಅಸಿಟಿಕ್ ಆಮ್ಲ ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಸಿಲ್‌ನ ಅಡಿಯಲ್ಲಿ ನೀರು ಇಳಿಯುವ ತೂತುಗಳಿರುತ್ತವೆ, ಸೀಲೆಂಟ್ ಹಚ್ಚುವ ಭರದಲ್ಲಿ ಅವು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಬಣ್ಣವಾದ ಮೇಲೆ ಸಿಲ್‌ನ ಒಳಗೆ ತುಕ್ಕು ತಡೆಯುವ ಮೇಣವನ್ನು ಹೊಡೆಸಿ.

ಇಷ್ಟಾದರೂ ಸೀಸವೇ ಬೇಕೆನಿಸಿದರೆ, ಪೂರ್ತಿ ಬೆಸುಗೆಯಾದ ಜೋಡಣೆಯ ಮೇಲೆ ಮಾತ್ರ ಹಾಕಿ. ಸೋಡಾ ನೀರಿನಿಂದ, ಆಮೇಲೆ ಬರಿ ನೀರಿನಿಂದ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ಮೇಣದ ಜಿಡ್ಡನ್ನು ತೆಗೆದು, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಸಿ. ಸೀಸವನ್ನು ಅರದಿಂದಲೇ ತೀಡಿ. ಗ್ರೈಂಡರ್ ಅಥವಾ ಸ್ಯಾಂಡರ್ ತಾಗಿಸಿದರೆ ಅದರ ನುಣ್ಣನೆಯ ಧೂಳು ಉಸಿರಿಗೆ ಸೇರುತ್ತದೆ. ಅರದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿ ಮುಚ್ಚಿಡಿ, ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.